ಟ್ರ್ಯಾಕ್ಟರ್‌ಗೆ ಪದೇ ಪದೇ ಏರ್ ಹಿಡಿಯುತ್ತಿತ್ತು, ಸರಿಯಾಗಿದ್ದು ಹೀಗೆ

ನಮ್ಮ ಹಳೆಯ ಟ್ರ್ಯಾಕ್ಟರ್ ಸ್ಟಾರ್ಟ್ ಆಗಿ ಸ್ವಲ್ಪ ಹೊತ್ತಿಗೇ ನಿಂತುಬಿಡುತ್ತಿತ್ತು. ಪಂಪ್ ಬಿಚ್ಚಿ ರಿಪೇರಿಗೆ ಕೊಡಿ ಅಂದರು ಎಲ್ಲರೂ. ಆದರೆ ಏರ್ (ಡೀಸೆಲ್ ಪೈಪಿನಲ್ಲಿ ಸೇರಿಕೊಂಡ ಗಾಳಿ) ತೆಗೆದ ಕೂಡಲೇ ಚೆನ್ನಾಗಿ ಓಡುತ್ತಿತ್ತು, ಅಂದಮೇಲೆ ಗಾಳಿ ಎಲ್ಲಿಂದಲೋ ಒಳಗೆ ಬರುತ್ತಿದೆ ಅಂತ ತಾನೇ?

ಟ್ಯಾಂಕ್‌ನಿಂದ ಬರುವ ಡೀಸೆಲನ್ನು ಫೀಡ್ ಪಂಪ್ ಎಳೆದುಕೊಳ್ಳುತ್ತದೆ. ಆ ಪೈಪಿನಲ್ಲಿ ಸಣ್ಣ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರದೆಯೂ ಗಾಳಿ ಒಳಗೆ ನುಗ್ಗಬಹುದು, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. (ಈಗಿನ ಪೆಟ್ರೋಲ್ ಕಾರುಗಳಲ್ಲಿ ಪಂಪ್ ಟ್ಯಾಂಕ್ ಒಳಗೇ ಇದ್ದು ಮುಂದಕ್ಕೆ ತಳ್ಳುತ್ತದೆ, ಅಲ್ಲಿ ಲೀಕ್ ಆದರೆ ಪೆಟ್ರೋಲೇ ಹೊರಗೆ ಬರುತ್ತದೆ.) ಹಳೆಯ ಡೀಸೆಲ್ ಎಂಜಿನ್‌ನಲ್ಲೂ ನಾಝಲ್ (ಎಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ಭಾಗ) ತೆರೆಯಲು ಸುಮಾರು 200 ಬಾರ್, ಅಂದರೆ ಸುತ್ತಲಿನ ಗಾಳಿಯ ಒತ್ತಡದ ಸುಮಾರು 200 ಪಟ್ಟು ಒತ್ತಡ ಬೇಕು. ಪೈಪಿನಲ್ಲಿ ಗುಳ್ಳೆಯಿದ್ದರೆ ನಾಝಲ್‌ಗೆ ಡೀಸೆಲ್ ತಳ್ಳುವ ಮುಖ್ಯ ಪಂಪ್ ಒತ್ತಿದ್ದೆಲ್ಲ ಗಾಳಿಯನ್ನು ಕುಗ್ಗಿಸುವುದಕ್ಕೇ ಹೋಗುತ್ತದೆ, ನಾಝಲ್ ತೆರೆಯದೆ ಎಂಜಿನ್ ನಿಲ್ಲುತ್ತದೆ.

ಫೀಡ್ ಪಂಪ್‌ಗೆ ಮುಂಚೆ ಒಂದು ತುಂಡು ಪಾರದರ್ಶಕ ಪೈಪ್ ಹಾಕಿ ನೋಡಿದೆ. ಗುಳ್ಳೆ ಸಾಲಾಗಿ ಬಂತು! ರಬ್ಬರ್ ಪೈಪ್, ಕ್ಲಿಪ್, ತಾಮ್ರದ ವಾಷರ್ ಹೊಸದು ಹಾಕಿ, ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಬರೀ ಡೀಸೆಲ್ ಬರುವವರೆಗೆ ಕೈಪಂಪ್ ಒತ್ತಿ ಬಿಗಿ ಮಾಡಿದೆ. ಈಗ ಇಡೀ ದಿನ ಉಳುತ್ತದೆ.

ಕಾಮನ್ ರೈಲ್ ಎಂಜಿನ್ (ಎಲ್ಲ ನಾಝಲ್‌ಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದ ಡೀಸೆಲ್ ಹೋಗುವ ಹೊಸ ಬಗೆ) ಇರುವವರು ನಾಝಲ್ ಪೈಪ್ ಸಡಿಲಿಸಿ ಏರ್ ತೆಗೆಯಲು ಹೋಗಲೇಬೇಡಿ. ಅಲ್ಲಿ ಒತ್ತಡ 1000 ಬಾರ್ ದಾಟುತ್ತದೆ, ಚರ್ಮದೊಳಕ್ಕೇ ಡೀಸೆಲ್ ನುಗ್ಗುತ್ತದೆ.