ಮೊದಲು ಅಡುಗೆಮನೆ ಹುಡುಕಿ, ಆಮೇಲೆ ಬೀಜ ಬಿತ್ತಿ

ಐದಾರು ಮನೆಯವರು ಸೇರಿ ತಾರಸಿಯ ಮೇಲೆ ಸೊಪ್ಪು ಬೆಳೆದ ಮೊದಲ ಸಲದ ಮಾತು. ಪಾಲಕ್ ಎಷ್ಟು ಹುಲುಸಾಗಿ ಬಂದಿತ್ತೆಂದರೆ, ಒಂದೇ ಬೆಳಿಗ್ಗೆ 12 ಕೆ.ಜಿ. ಕೊಯ್ದೆವು. ಹತ್ತಿರದ ವೃದ್ಧಾಶ್ರಮಕ್ಕೆ ಕೊಡೋಣ ಅಂತ ಖುಷಿಯಿಂದ ಹೊರಟೆವು. ತಲುಪಿದಾಗ ಗಂಟೆ ಹನ್ನೊಂದು. ಅಲ್ಲಿ ಒಂಬತ್ತಕ್ಕೇ ಅಡುಗೆ ಮುಗಿದಿತ್ತು. ಫ್ರಿಜ್‌ನಲ್ಲಿ ಜಾಗವಿರಲಿಲ್ಲ. ಅಡುಗೆ ಮಾಡುವ ಅಮ್ಮ ಸೊಪ್ಪಿನ ಚೀಲ ಬಿಚ್ಚಿ ನೋಡಿ, ‘ನಿನ್ನೆ ರಾತ್ರಿ ಒಂದು ಫೋನ್ ಮಾಡಿದ್ರೆ ಸಾಕಿತ್ತಲ್ಲಪ್ಪಾ’ ಅಂದರು. ಮಾರನೇ ದಿನಕ್ಕೆ ಅದರಲ್ಲಿ ಅರ್ಧ ಬಾಡಿ ಹೋಗಿತ್ತು.

ನಮಗೆ ಸೊಪ್ಪು ಬೆಳೆಯಲು ಬರುತ್ತಿತ್ತು. ಎಲ್ಲರ ಕೈಯಲ್ಲೂ ಫೋನ್ ಇತ್ತು. ಎರಡನ್ನೂ ಜೋಡಿಸುವುದು ಮಾತ್ರ ಹೊಳೆದಿರಲಿಲ್ಲ. ಆ ಜೋಡಣೆಯನ್ನು ಮಾಡುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಒಂದು ತಾರಸಿ, ಒಂದು ಶಾಲೆಯ ಹಿತ್ತಲು, ಒಂದು ಖಾಲಿ ಸೈಟು ಯಾವುದಿದ್ದರೂ ಇದು ನಡೆಯುತ್ತದೆ.

1. ಯಾರಿಗೆ ಏನು ಬೇಕು, ಕೇಳಿ

ಬೀಜದ ಅಂಗಡಿಗೆ ಹೋಗುವ ಮೊದಲು ಊಟ ಹಾಕುವವರ ಹತ್ತಿರ ಹೋಗಿ. ಅನಾಥಾಶ್ರಮ, ವೃದ್ಧಾಶ್ರಮ, ಶಾಲೆಯ ಅಡುಗೆಮನೆ, ರೋಗಿಗಳ ಜೊತೆಗಿರುವವರಿಗೆ ಊಟ ಕೊಡುವ ಗುಂಪು, ಹೀಗೆ ಒಂದನ್ನು ಹಿಡಿಯಿರಿ. ಒಂದೇ ಸಾಕು. ನಾಲ್ಕು ಪ್ರಶ್ನೆ ಕೇಳಿ: ವಾರಕ್ಕೆ ಯಾವ ತರಕಾರಿ ಎಷ್ಟು ಕೆ.ಜಿ. ಬೇಕು? ಯಾವುದನ್ನು ಕೊಳ್ಳಲಾಗದೆ ಬಿಡುತ್ತಿದ್ದೀರಿ? ಅಡುಗೆ ಎಷ್ಟು ಗಂಟೆಗೆ ಶುರು? ತರಕಾರಿ ಇಡಲು ಎಷ್ಟು ಜಾಗವಿದೆ?

ಎರಡನೇ ಪ್ರಶ್ನೆಗೆ ಬರುವ ಉತ್ತರವೇ ನಿಮ್ಮ ಬೆಳೆಯ ಪಟ್ಟಿ. ಸಾಮಾನ್ಯವಾಗಿ ಅದು ಸೊಪ್ಪು ಆಗಿರುತ್ತದೆ. ಬೇಗ ಬಾಡುವುದರಿಂದ ಅಡುಗೆಯವರು ಅದನ್ನು ದಿನಾ ತರುವ ಗೋಜಿಗೆ ಹೋಗುವುದಿಲ್ಲ. ಪಕ್ಕದ ತಾರಸಿಯಿಂದ ಕೊಯ್ದು ಹತ್ತು ನಿಮಿಷದಲ್ಲಿ ಕೊಡುವ ಅನುಕೂಲ ನಿಮಗಿದೆ. ದೂರದಿಂದ ಲಾರಿಯಲ್ಲಿ ಬರುವ ಸೊಪ್ಪಿಗೆ ಅದಿಲ್ಲ.

ನಗರದೊಳಗಿನ ಎಷ್ಟೋ ದೊಡ್ಡ ತೋಟಗಳು ಹೀಗೆ ಅಗತ್ಯದಿಂದಲೇ ಹುಟ್ಟಿದವು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದು ಇಂಧನ, ಗೊಬ್ಬರ, ಆಹಾರ ಬರುವುದು ತೀರಾ ಕಡಿಮೆಯಾದಾಗ, ಕ್ಯೂಬಾದ ಹವಾನಾ ನಗರದ ಜನ ಖಾಲಿ ಜಾಗಗಳಲ್ಲಿ ಏರುಮಡಿ ಕಟ್ಟಿ ತರಕಾರಿ ಬೆಳೆದರು. 2001ರ ಆರ್ಥಿಕ ಕುಸಿತದ ನಂತರ ಅರ್ಜೆಂಟೀನಾದ ರೊಸಾರಿಯೊ ನಗರಾಡಳಿತ ಕೆಲಸ ಕಳೆದುಕೊಂಡವರಿಗೆ ಪಾಳುಬಿದ್ದ ಜಾಗ ಕೊಟ್ಟು ತೋಟ ಮಾಡಿಸಿತು. ಎರಡೂ ಕಡೆ ಮೊದಲು ಹಸಿವು ಕಣ್ಣಿಗೆ ಬಿತ್ತು, ಆಮೇಲೆ ಜಾಗ ಹುಡುಕಿದರು.

2. ಜಾಗ ನೋಡಿ: ಬಿಸಿಲು, ಭಾರ, ಮಣ್ಣು

ಬಿಸಿಲು ಅಳೆಯಲು ಫೋನ್ ಸಾಕು. ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಗಂಟೆಗೊಂದು ಫೋಟೊ ತೆಗೆಯಿರಿ, ಪ್ರತಿ ಸಲ ಅದೇ ಜಾಗದಲ್ಲಿ ನಿಂತು. ರಾತ್ರಿ ಕೂತು ನೋಡಿದರೆ ಯಾವ ಮೂಲೆಗೆ ಎಷ್ಟು ಹೊತ್ತು ಬಿಸಿಲು ಬಂತು ಅಂತ ಗೊತ್ತಾಗುತ್ತದೆ. ಟೊಮೆಟೊ, ಬದನೆ, ಮೆಣಸಿನಕಾಯಿಗೆ ದಿನಕ್ಕೆ 6ರಿಂದ 8 ಗಂಟೆ ನೇರ ಬಿಸಿಲು ಬೇಕು. ಸೊಪ್ಪಿಗೆ 4 ಗಂಟೆ ಇದ್ದರೂ ನಡೆಯುತ್ತದೆ.

ತಾರಸಿಯಾದರೆ ಭಾರದ ಲೆಕ್ಕ ಬಿಡಬೇಡಿ. ನೀರು ಕುಡಿದ ಸಾಮಾನ್ಯ ಮಣ್ಣು ಒಂದು ಚದರ ಮೀಟರ್ ಜಾಗದಲ್ಲಿ 30 ಸೆಂ.ಮೀ. ಎತ್ತರ ತುಂಬಿದರೆ ಹತ್ತಿರ ಹತ್ತಿರ 500 ಕೆ.ಜಿ. ತೂಗುತ್ತದೆ. ಅಷ್ಟು ಭಾರಕ್ಕೆ ಅಂತ ಯಾವ ಮನೆಯ ತಾರಸಿಯನ್ನೂ ಸುಮ್ನೆ ಕಟ್ಟಿರುವುದಿಲ್ಲ. ಕೋಕೊಪೀಟ್ (ತೆಂಗಿನ ನಾರಿನ ಪುಡಿ), ಕಾಂಪೋಸ್ಟ್ ಜಾಸ್ತಿ ಹಾಕಿ ಮಣ್ಣು ಕಡಿಮೆ ಮಾಡಿ. ಸೊಪ್ಪಿಗೆ 15 ಸೆಂ.ಮೀ. ಆಳ ಸಾಕು. ಮಡಿಗಳನ್ನು ಗೋಡೆ ಮತ್ತು ತೊಲೆಗಳ ಮೇಲೆ ಬರುವಂತೆ ಇಡಿ. ದೊಡ್ಡದಾಗಿ ಮಾಡುವುದಿದ್ದರೆ ಕಟ್ಟಡದ ಎಂಜಿನಿಯರ್ ಒಬ್ಬರು ಬಂದು ನೋಡಲೇಬೇಕು. ಇದರಲ್ಲಿ ಅಂದಾಜು ಬೇಡ.

ನೆಲದ ಮೇಲಾದರೆ ಭಾರದ ಚಿಂತೆ ಇಲ್ಲ, ಸೀಸದ (ಲೆಡ್ ಎಂಬ ವಿಷಕಾರಿ ಲೋಹ) ಚಿಂತೆ ಇದೆ. ಹಳೆಯ ಬಣ್ಣದ ಚೂರು, ರಸ್ತೆಯ ಧೂಳು ಸೇರಿ ನಗರದ ಮಣ್ಣಿನಲ್ಲಿ ಸೀಸ ಉಳಿದಿರುತ್ತದೆ. ರಸ್ತೆಯ ವಾಹನಗಳಿಗೆ ಸೀಸ ಬೆರೆತ ಪೆಟ್ರೋಲ್ ಮಾರಾಟ ಜಗತ್ತಿನಲ್ಲಿ ಪೂರ್ತಿ ನಿಂತದ್ದೇ 2021ರಲ್ಲಿ. ಅಷ್ಟು ವರ್ಷ ಹೊಗೆಯಲ್ಲಿ ಬಂದದ್ದು ಮಣ್ಣು ಬಿಟ್ಟು ಹೋಗಿಲ್ಲ. ಪ್ರಯೋಗಾಲಯದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ. ಅನುಮಾನವಿದ್ದರೆ ಕೆಳಗೆ ದಪ್ಪ ಬಟ್ಟೆ ಹಾಸಿ, ಹೊರಗಿನ ಒಳ್ಳೆಯ ಮಣ್ಣು ತಂದು ಏರುಮಡಿ ಕಟ್ಟಿ. ಬೇರು, ಗೆಡ್ಡೆ, ಸೊಪ್ಪುಗಳಿಗೆ ಸೀಸ ಸೇರುವ, ಅಂಟುವ ಅಪಾಯ ಜಾಸ್ತಿ, ಕಾಯಿಗಳಿಗೆ ಕಡಿಮೆ. ನಾವು ಕೊಡುತ್ತಿರುವುದು ಮಕ್ಕಳಿಗೆ, ವಯಸ್ಸಾದವರಿಗೆ ಅಲ್ವಾ? ಈ ಒಂದು ಪರೀಕ್ಷೆಗೆ ಖರ್ಚಾಗುವ ಹಣದ ಬಗ್ಗೆ ಚೌಕಾಸಿ ಮಾಡಬೇಡಿ.

3. ಬಿತ್ತನೆಯನ್ನು ವಾರಗಳಿಗೆ ಹಂಚಿ

ಹೊಸಬರು ಮಾಡುವ ತಪ್ಪು ಒಂದೇ. ಎಲ್ಲ ಮಡಿಗೂ ಒಂದೇ ದಿನ ಬಿತ್ತುತ್ತಾರೆ. ಆಮೇಲೆ ಒಂದು ವಾರ ಸೊಪ್ಪೋ ಸೊಪ್ಪು, ಮುಂದಿನ ನಾಲ್ಕು ವಾರ ಏನೂ ಇಲ್ಲ. ನಮ್ಮ 12 ಕೆ.ಜಿ. ಕಥೆಯ ಬೇರು ಅಲ್ಲೇ ಇತ್ತು.

ಮಡಿಗಳಿಗೆ ನಂಬರ್ ಕೊಡಿ. ಈ ವಾರ ಮೊದಲನೆಯದಕ್ಕೆ ಬಿತ್ತಿ, ಮುಂದಿನ ವಾರ ಎರಡನೆಯದಕ್ಕೆ. ಬೇಗ ಬರುವ ಸಣ್ಣ ತಳಿಯ ಮೂಲಂಗಿ 25ರಿಂದ 30 ದಿನಕ್ಕೆ, ಪಾಲಕ್ 30ರಿಂದ 40 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಐದು ಮಡಿ ಇದ್ದರೆ ಐದನೆಯದಕ್ಕೆ ಬಿತ್ತುವ ಹೊತ್ತಿಗೆ ಮೊದಲನೆಯದು ಕೈಗೆ ಬರುವ ಹಂತದಲ್ಲಿರುತ್ತದೆ.

ಇಲ್ಲಿಂದ ಫೋನಿನ ಕೆಲಸ ಶುರು. ಗೂಗಲ್ ಶೀಟ್‌ನಂಥ, ಎಲ್ಲರೂ ತೆರೆಯಬಹುದಾದ ಒಂದು ಹಾಳೆ ಮಾಡಿ. ಮಡಿ ನಂಬರ್, ಬೆಳೆ, ಬಿತ್ತಿದ ದಿನ, ಎಷ್ಟು ದಿನಕ್ಕೆ ಕೊಯ್ಲು ಎನ್ನುವ ನಾಲ್ಕು ಕಾಲಂ. ಐದನೇ ಕಾಲಂನಲ್ಲಿ ಬಿತ್ತಿದ ದಿನಕ್ಕೆ ದಿನಗಳನ್ನು ಕೂಡಿಸಿದರೆ ಕೊಯ್ಲಿನ ತಾರೀಕು ತಾನೇ ಬರುತ್ತದೆ. ಆರನೆಯದರಲ್ಲಿ ಎಷ್ಟು ಕೆ.ಜಿ. ಬರಬಹುದು ಅನ್ನುವ ಅಂದಾಜು, ಏಳನೆಯದರಲ್ಲಿ ನಿಜವಾಗಿ ಬಂದದ್ದು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಅಲ್ಲೇ ನಿಂತು ಬರೆಯಿರಿ. ಮೂರು ಸಲ ಕೊಯ್ದ ಮೇಲೆ ನಿಮ್ಮ ಅಂದಾಜು ನಿಜಕ್ಕೆ ಹತ್ತಿರ ಬರುತ್ತದೆ. ಆಗ ‘ಮುಂದಿನ ಗುರುವಾರ 3 ಕೆ.ಜಿ. ಪಾಲಕ್’ ಅಂತ ಅಡುಗೆಯವರಿಗೆ ಧೈರ್ಯವಾಗಿ ಹೇಳಬಹುದು. ಅವರು ಅದನ್ನು ನಂಬಿ ಅವತ್ತಿನ ಅಡುಗೆ ಗೊತ್ತು ಮಾಡಬಹುದು. ಮುಂದೆ ಹೇಳುವ ನೀರಿನ ಸೆನ್ಸರ್‌ಗಿಂತ ಈ ಹಾಳೆಯೇ ನಮ್ಮ ತೋಟಕ್ಕೆ ಹೆಚ್ಚು ಉಪಕಾರ ಮಾಡಿದೆ.

4. ನೀರಿಗೆ ಒಂದು ಸಣ್ಣ ಯಂತ್ರ

ಯಂತ್ರ ಇಲ್ಲದೆಯೂ ತೋಟ ನಡೆಯುತ್ತದೆ. ಆದರೆ ಐದಾರು ಮನೆಯವರು ಸೇರಿ ನಡೆಸುವ ತೋಟದಲ್ಲಿ ನೀರಿನದ್ದೇ ತಕರಾರು. ಅವರು ಹಾಕಿರುತ್ತಾರೆ ಅಂತ ಇವರು ಬಿಡುತ್ತಾರೆ, ಇಲ್ಲವೇ ಇಬ್ಬರೂ ಹಾಕಿ ಬೇರು ಕೊಳೆಯುತ್ತದೆ. ಮಣ್ಣಿನ ಹದ ಹೇಳುವ ಸೆನ್ಸರ್ ಇದ್ದರೆ ಈ ಗೊಂದಲ ಕಡಿಮೆ.

ಸೆನ್ಸರ್‌ಗಳಲ್ಲಿ ಎರಡು ಬಗೆ. ಎರಡು ಲೋಹದ ಕಡ್ಡಿ ಇರುವುದು ಅಗ್ಗ. ಆದರೆ ಕರೆಂಟು ನೇರ ಮಣ್ಣಿನೊಳಗೆ ಹರಿಯುವುದರಿಂದ ಕೆಲವೇ ವಾರಗಳಲ್ಲಿ ಕಡ್ಡಿ ಸವೆದುಹೋಗಬಹುದು. ಲೋಹ ಹೊರಗೆ ಕಾಣದ ಕೆಪ್ಯಾಸಿಟಿವ್ ಸೆನ್ಸರ್ ತೆಗೆದುಕೊಳ್ಳಿ. ಅದನ್ನು ಇಎಸ್‌ಪಿ32 ಎಂಬ, ವೈಫೈ ಇರುವ ಪುಟ್ಟ ಬೋರ್ಡಿಗೆ ಜೋಡಿಸಬಹುದು. ಒಂದು ಎಚ್ಚರಿಕೆ: ವೈಫೈ ಚಾಲೂ ಇದ್ದಾಗ ಈ ಬೋರ್ಡಿನ ಕೆಲವು ಪಿನ್‌ಗಳು ಸೆನ್ಸರ್ ಓದುವುದಿಲ್ಲ. 32ರಿಂದ 39ರೊಳಗಿನ ಪಿನ್ ಬಳಸಿ, ಉದಾಹರಣೆಗೆ 34. ಇದು ಗೊತ್ತಿಲ್ಲದೆ ಒಂದು ಇಡೀ ಭಾನುವಾರ ವೈರ್ ಕಿತ್ತು ಜೋಡಿಸಿದ್ದೇವೆ.

ಇನ್ನು ಹದ ಹಿಡಿಯುವುದು. ಇಎಸ್‌ಪಿ32 ಕೊಡುವ ಅಂಕಿ 0ಯಿಂದ 4095ರವರೆಗೆ. ಒಣಗಿದಷ್ಟೂ ಅಂಕಿ ಮೇಲೆ, ಒದ್ದೆಯಾದಷ್ಟೂ ಕೆಳಗೆ. ನಮ್ಮ ಸೆನ್ಸರ್ ಗಾಳಿಯಲ್ಲಿ 2900 ಹತ್ತಿರ, ಲೋಟದ ನೀರಿನಲ್ಲಿ 1300 ಹತ್ತಿರ ತೋರಿಸಿತು. ನಿಮ್ಮದು ಬೇರೆ ತೋರಿಸುತ್ತದೆ. ಆ ಎರಡು ಅಂಕಿಗಿಂತ ಮಡಿಯ ಅಂಕಿಯೇ ಮುಖ್ಯ. ಮಡಿಗೆ ಚೆನ್ನಾಗಿ ನೀರು ಕೊಟ್ಟು, ಒಂದು ದಿನ ಬಿಟ್ಟು ಓದಿ ಬರೆದಿಡಿ. ಇದು ಹದದ ಅಂಕಿ. ಆಮೇಲೆ ನೀರು ಕೊಡದೆ ದಿನಾ ಎರಡು ಗೆಣ್ಣಿನಷ್ಟು ಬೆರಳು ಇಳಿಸಿ ನೋಡುತ್ತಿರಿ. ಮಣ್ಣು ಬೆರಳಿಗೆ ಅಂಟದೆ ಉದುರಿದ ದಿನದ ಅಂಕಿ ಬರೆದುಕೊಳ್ಳಿ. ಸೆನ್ಸರ್ ಅಂಕಿ ಅಲ್ಲಿಗೆ ಬಂದಾಗ ಫೋನಿಗೆ ಸಂದೇಶ ಬರುವಂತೆ ಬೋರ್ಡಿಗೆ ಪ್ರೋಗ್ರಾಂ ಹಾಕಿ. ಬೆರಳು ಕಲಿಸಿದ್ದನ್ನೇ ಯಂತ್ರ ನೆನಪಿಟ್ಟುಕೊಳ್ಳುತ್ತದೆ, ಅಷ್ಟೇ.

ಸೆನ್ಸರನ್ನು ಅದರ ಮೇಲಿನ ಗೆರೆಯವರೆಗೆ ಮಾತ್ರ ಮಣ್ಣಿಗೆ ಇಳಿಸಿ. ಗೆರೆಯ ಮೇಲಿನ ಭಾಗಕ್ಕೂ, ಹಲಗೆಯ ಅಂಚಿಗೂ ಉಗುರು ಬಣ್ಣ ಹಚ್ಚಿ ಒಣಗಿಸಿದರೆ ನೀರು ಒಳಗೆ ಹೋಗುವುದಿಲ್ಲ. ನೀರನ್ನೂ ಬೋರ್ಡೇ ಬಿಡುವಂತೆ ಮಾಡುವುದಿದ್ದರೆ ಪಂಪನ್ನು ಬೋರ್ಡಿನ ಪಿನ್‌ಗೆ ನೇರ ಸಿಕ್ಕಿಸಬೇಡಿ, ಬೋರ್ಡ್ ಸುಡುತ್ತದೆ. ನಡುವೆ ರಿಲೇ (ಬೋರ್ಡಿನ ಸಂಕೇತಕ್ಕೆ ಚಾಲೂ ಆಗುವ ಸ್ವಿಚ್) ಇರಲಿ. ಮನೆಯ ಕರೆಂಟಿನಲ್ಲಿ ನಡೆಯುವ ಪಂಪಾದರೆ ಬಲ್ಲ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ನೀರಿನ ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. 100 ಚದರ ಮೀಟರ್ ಚಾವಣಿಗೆ 20 ಮಿ.ಮೀ. ಬಿದ್ದರೆ 2,000 ಲೀಟರ್, ಅದರಲ್ಲಿ ಸ್ವಲ್ಪ ಸೋರಿ ಆವಿಯಾಗಿ ಹೋಗುತ್ತದೆ. ಬಿರುಬಿಸಿಲಿನ ದಿನ ಒಂದು ಚದರ ಮೀಟರ್ ಮಡಿ 5 ಲೀಟರ್‌ನಷ್ಟು ಕುಡಿಯಬಹುದು. ಒಣ ಎಲೆಯ ಹೊದಿಕೆ ಹಾಕಿದರೆ ಅದಕ್ಕಿಂತ ಕಡಿಮೆ ಸಾಕು.

5. ಕಸ ಮೇಲಕ್ಕೆ, ಸೊಪ್ಪು ಕೆಳಕ್ಕೆ

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇ 60ರಷ್ಟು ಮನೆಗಳದ್ದೇ. ನಿಮ್ಮ ಸೊಪ್ಪು ತಿನ್ನುವ ಅಡುಗೆಮನೆಯಿಂದಲೇ ಸಿಪ್ಪೆ, ದಂಟು ವಾಪಸ್ ತನ್ನಿ. ಒಂದು ಪಾಲು ಹಸಿ ಕಸಕ್ಕೆ ಎರಡು ಮೂರು ಪಾಲು ಒಣ ಎಲೆ ಹಾಕಿ ಮುಚ್ಚಿಡಿ, ವಾರಕ್ಕೊಮ್ಮೆ ತಿರುವಿ. ಕಳಿತು ಮಣ್ಣಿನ ವಾಸನೆ ಬಂದ ಮೇಲಷ್ಟೇ ಮಡಿಗೆ ಹಾಕಿ. ಹಸಿ ಸಗಣಿಯನ್ನಂತೂ ಸೊಪ್ಪಿನ ಮಡಿಗೆ ಹಾಕಲೇಬೇಡಿ.

6. ತಲುಪಿಸುವ ದಾರಿ

ಅಮೆರಿಕದ ಅಲಾಸ್ಕಾದ ಆಂಕರೇಜ್‌ನಲ್ಲಿ 1995ರಲ್ಲಿ ಪತ್ರಿಕೆಗೆ ತೋಟದ ಅಂಕಣ ಬರೆಯುತ್ತಿದ್ದ ಜೆಫ್ ಲೊವೆನ್‌ಫೆಲ್ಸ್ ಓದುಗರಿಗೆ ಒಂದು ಮಾತು ಕೇಳಿಕೊಂಡರು: ನಿಮ್ಮ ತೋಟದಲ್ಲಿ ಒಂದು ಸಾಲು ಹಸಿದವರಿಗಾಗಿ ಬೆಳೆಯಿರಿ. ಜನ ಬೆಳೆದರು, ಅದು ಬೇರೆ ಊರುಗಳಿಗೂ ಹಬ್ಬಿತು. 2009ರಲ್ಲಿ ಗ್ಯಾರಿ ಆಪನ್‌ಹೈಮರ್ ಅದೇ ದೇಶದಲ್ಲಿ ಆಂಪಲ್ ಹಾರ್ವೆಸ್ಟ್ ಎಂಬ ಜಾಲತಾಣ ಶುರು ಮಾಡಿದರು. ಮನೆ ತೋಟದಲ್ಲಿ ಹೆಚ್ಚಾದ ತರಕಾರಿಯನ್ನು ತೆಗೆದುಕೊಳ್ಳುವ ಹತ್ತಿರದ ಆಹಾರ ಕೇಂದ್ರ ಎಲ್ಲಿದೆ, ಯಾವ ದಿನ ಯಾವ ಹೊತ್ತಿಗೆ ತೆಗೆದುಕೊಳ್ಳುತ್ತಾರೆ ಅಂತ ಅದು ಹೇಳುತ್ತದೆ. ಅದರಲ್ಲಿ ಸೆನ್ಸರ್ ಇಲ್ಲ, ಡ್ರೋನ್ ಇಲ್ಲ. ವಿಳಾಸ ಮತ್ತು ಸಮಯ ಇದೆ. ನಮಗೆ ಅವತ್ತು ತಿಳಿಯದೇ ಹೋದದ್ದು ಅದೇ.

ನೀವು ಇಷ್ಟು ಮಾಡಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಡುಗೆಮನೆಯ ಒಬ್ಬರನ್ನು ಸೇರಿಸಿ. ಕೊಯ್ಲಿನ ಹಿಂದಿನ ಸಂಜೆ ಆರು ಗಂಟೆಗೆ ಒಂದು ಸಾಲು: ಏನು, ಎಷ್ಟು, ಎಷ್ಟು ಹೊತ್ತಿಗೆ. ‘ಬೇಕು’ ಅಂತ ಉತ್ತರ ಬಂದರೆ ಮಾತ್ರ ಬೆಳಿಗ್ಗೆ ಕತ್ತರಿ ಹಿಡಿಯಿರಿ. ಬೇಡ ಅಂದರೆ ಸೊಪ್ಪು ಗಿಡದಲ್ಲೇ ಇನ್ನೊಂದು ದಿನ ಚೆನ್ನಾಗಿರುತ್ತದೆ. ಬಿಸಿಲೇರುವ ಮೊದಲು ಕೊಯ್ದು, ಒದ್ದೆ ಬಟ್ಟೆ ಹೊದಿಸಿ ಒಯ್ಯಿರಿ.

ಸ್ಮಾರ್ಟ್‌ಫೋನ್ ಇಲ್ಲದವರನ್ನು ಗುಂಪಿನಿಂದ ಹೊರಗೆ ಬಿಡಬೇಡಿ. ತೋಟದ ಬಗ್ಗೆ ಎಲ್ಲರಿಗಿಂತ ಜಾಸ್ತಿ ಗೊತ್ತಿರುವ ಅಜ್ಜಿ ಅವರಲ್ಲೇ ಇರುತ್ತಾರೆ. ವಾರದ ಪಾಳಿಯನ್ನು ಪ್ರಿಂಟ್ ತೆಗೆದು ಮೆಟ್ಟಿಲ ಹತ್ತಿರ ಅಂಟಿಸಿ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸೊಪ್ಪು ತೆಗೆದುಕೊಂಡವರ ಫೋಟೊ ತೆಗೆದು ಹಂಚಬೇಡಿ. ಹಾಳೆಯಲ್ಲಿ ಅವರ ಹೆಸರು, ನಂಬರ್ ಬರೆಯಬೇಡಿ. ಎಷ್ಟು ಕೆ.ಜಿ. ಹೋಯಿತು ಅನ್ನುವುದು ಸಾಕು. ಊಟ ಮಾಡುವವರ ಮುಖ ನಮ್ಮ ತೋಟದ ಜಾಹೀರಾತಲ್ಲ.

7. ಒಬ್ಬರ ಮೇಲೆ ನಿಲ್ಲದಂತೆ ಮಾಡಿ

ಹಾಳೆಯ ಪಾಸ್‌ವರ್ಡ್, ಬೋರ್ಡಿನ ಪ್ರೋಗ್ರಾಂ, ಅಡುಗೆಮನೆಯ ಫೋನ್ ನಂಬರ್ ಇವಿಷ್ಟೂ ಕನಿಷ್ಠ ಇಬ್ಬರ ಹತ್ತಿರ ಇರಲಿ. ಹುರುಪಿನವರೊಬ್ಬರು ಕೆಲಸ ಬದಲಿಸಿ ಬೇರೆ ಊರಿಗೆ ಹೋದ ತಿಂಗಳಲ್ಲೇ ತೋಟ ಒಣಗಿದ್ದನ್ನು ನೋಡಿದ್ದೇನೆ. ತಿಂಗಳಿಗೊಮ್ಮೆ ಹಾಳೆಯ ಒಂದು ಪ್ರತಿ ಇಳಿಸಿಟ್ಟುಕೊಳ್ಳಿ. ಕರೆಂಟು, ವೈಫೈ ಎರಡೂ ಇಲ್ಲದ ದಿನಕ್ಕೆ ಕೈಯಿಂದ ತಿರುಗಿಸುವ ವಾಲ್ವ್ ಒಂದಿರಲಿ. ಯಾವ ಕಡೆ ತಿರುಗಿಸಿದರೆ ಯಾವ ಮಡಿಗೆ ನೀರು ಅಂತ ಟ್ಯಾಂಕಿನ ಮೇಲೆ ದಪ್ಪ ಅಕ್ಷರದಲ್ಲಿ, ಪೇಂಟಿನಲ್ಲಿ ಬರೆದಿಡಿ. ಅವತ್ತು ಪಾಳಿಗೆ ಬಂದವರು ಶಾಲೆಯ ಹುಡುಗಿಯಾದರೂ ಸರಿ, ಓದಿಕೊಂಡು ನೀರು ಬಿಡುವ ಹಾಗಿರಬೇಕು.