ಹಳೇ ಕಾರಿನ ವೀಲ್ ಕಪ್, ರಿಮ್ ರಿಂಗ್ ತೆಗೆಯುವುದು

ಮಾರಿಸ್ ಮೈನರ್, ಮಾರಿಸ್ ಆಕ್ಸ್‌ಫರ್ಡ್, ಆ ಆಕ್ಸ್‌ಫರ್ಡ್‌ನ 3ನೇ ಸೀರೀಸ್‌ನಿಂದಲೇ ಬಂದ ನಮ್ಮ ಹಳೇ ಅಂಬಾಸಿಡರ್. ಈ ಮನೆತನದ ಕಾರುಗಳಲ್ಲಿ ವೀಲ್ ಕಪ್‌ಗೆ, ಅಂದರೆ ಚಕ್ರದ ನಡುವಿನ ಮುಚ್ಚಳಕ್ಕೆ, ಸ್ಕ್ರೂ, ಬೋಲ್ಟ್ ಏನೂ ಇಲ್ಲ. ಚಕ್ರದ ನಡುವಿನ ತಟ್ಟೆಯ (ಡಿಸ್ಕ್) ಮೇಲೆ ಉಬ್ಬಿದ ಮೂರು ಗುಂಡಿಗಳನ್ನು ಕಪ್‌ನ ಮಡಿಸಿದ ಅಂಚು ಕಚ್ಚಿಕೊಂಡು ಕೂತಿರುತ್ತದೆ, ಅಷ್ಟೇ.

ಜಾಕ್ ಬೇಕಿಲ್ಲ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೊಂದು ಕಲ್ಲು ಕೊಡಿ. ಅಂಚಿನ ಸಂದಿಯ ಮಣ್ಣನ್ನು ಬ್ರಷ್‌ನಿಂದ ತೆಗೆಯಿರಿ. ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಹತ್ತು ಹದಿನೈದು ನಿಮಿಷ ಬಿಡಿ. ಕಪ್ ಬಿದ್ದರೆ ಸಪ್ಪಳವಾಗದಂತೆ ಕೆಳಗೆ ಗೋಣಿತಾಟು ಹಾಸಿ.

ಮೀಟಲು ಕಂಪನಿ ವೀಲ್ ಸ್ಪ್ಯಾನರ್‌ನ ಚಪ್ಪಟೆ ತುದಿಯೇ ಸರಿ. ಅದನ್ನು ತೂರಿಸಲೆಂದೇ ಡಿಸ್ಕ್‌ನಲ್ಲಿ ಒಂದು ತಗ್ಗು ಇರುತ್ತದೆ. ಸ್ಪ್ಯಾನರ್ ಕಳೆದುಹೋಗಿದ್ದರೆ ಅಗಲ ತುದಿಯ ಟಯರ್ ಲಿವರ್‌ಗೆ ಬಟ್ಟೆ ಸುತ್ತಿಕೊಳ್ಳಿ. ಸ್ಕ್ರೂಡ್ರೈವರ್ ಮಾತ್ರ ಬೇಡ. ಅದರ ಕಿರಿದಾದ ತುದಿ ಒಂದೇ ಕಡೆ ಒತ್ತಿ ಅಂಚನ್ನು ಸೊಟ್ಟ ಮಾಡುತ್ತದೆ, ಅಲ್ಲಿ ಕ್ರೋಮ್ ಬಿರುಕು ಬಿಟ್ಟು ಮುಂದಿನ ಮಳೆಗಾಲಕ್ಕೆ ತುಕ್ಕು ಏಳುತ್ತದೆ. ಲಿವರನ್ನು ಹೊರಕ್ಕೆ ಎಳೆಯಬೇಡಿ, ಪಕ್ಕಕ್ಕೆ ಹೊರಳಿಸಿ. ಅಂಚು ಗುಂಡಿಯ ಮೇಲಿಂದ ಜಾರಿ 'ಟಕ್' ಅನ್ನುತ್ತದೆ. ಒಂದು ಗುಂಡಿ ಬಿಟ್ಟರೆ ಉಳಿದೆರಡು ಕೈಗೇ ಬರುತ್ತವೆ. ಬೇರೆ ಕೆಲವು ಕಾರುಗಳ ಕಪ್‌ಗೆ ನಡುವೆ ಬೋಲ್ಟ್ ಇರುತ್ತದೆ. ಅಂಥದ್ದನ್ನು ಮೀಟಿದರೆ ಕಪ್ ಹಾಳು.

ರಿಮ್ ರಿಂಗ್ ಬೇರೆ ಜಾತಿ. ಇಂಗ್ಲೆಂಡಿನಲ್ಲಿ ರಿಮ್‌ಬೆಲಿಷರ್ ಅನ್ನುತ್ತಿದ್ದ ಈ ಹೊಳೆಯುವ ಬಳೆಯ ಬೆನ್ನಿಗೆ ಸ್ಪ್ರಿಂಗ್ ಕ್ಲಿಪ್‌ಗಳಿದ್ದು, ಅವೇ ರಿಮ್ಮನ್ನು ಹಿಡಿದಿರುತ್ತವೆ. ಕೈಗವಸು ಹಾಕಿಕೊಳ್ಳಿ, ಹಿಂದಿನ ಅಂಚು ಬ್ಲೇಡಿನಂತಿರುತ್ತದೆ. ಮೊದಲು ಕಪ್ ತೆಗೆದು, ಆಮೇಲೆ ಟ್ಯೂಬಿನ ವಾಲ್ವ್‌ಗೆ ಎದುರುಬದಿಯಿಂದ ರಿಂಗ್ ಶುರುಮಾಡಿ. ಪ್ರತಿ ಕ್ಲಿಪ್ಪಿನ ಪಕ್ಕದಲ್ಲೇ ಐದಾರು ಮಿಲಿಮೀಟರ್ ಎಬ್ಬಿಸಿ, ಮುಂದಿನದಕ್ಕೆ ಹೋಗಿ. ಹೀಗೆ ಎರಡು ಸುತ್ತು ಬರಬೇಕು. ಅವಸರಕ್ಕೆ ಒಂದೇ ಕಡೆ ಪೂರ್ತಿ ಎತ್ತಿದರೆ ರಿಂಗ್ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಮತ್ತೆ ದುಂಡಗಾಗುವುದು ಕಷ್ಟ. ವಾಲ್ವ್ ಕಡೆ ಬಂದಾಗ ಮೀಟದೆ, ರಿಂಗ್‌ನ ತೂತಿನಿಂದ ವಾಲ್ವನ್ನು ಮೆಲ್ಲಗೆ ಜಾರಿಸಿ.

ಹಾಕುವಾಗ ಮೊದಲು ರಿಂಗ್: ವಾಲ್ವ್ ಅದರ ತೂತಿನ ಸರಿನಡುವೆ ಬರಬೇಕು. ಸಡಿಲ ರಿಂಗ್ ಓಡುವಾಗ ತಿರುಗಿ, ಅದರ ಅಂಚು ವಾಲ್ವನ್ನು ಕೊಯ್ದುಬಿಡುತ್ತದೆ. ಕ್ಲಿಪ್ ಸಡಿಲವೆನಿಸಿದರೆ ಇಕ್ಕಳದಿಂದ ಒಂದು ಮಿಲಿಮೀಟರ್‌ನಷ್ಟು ಹೊರಕ್ಕೆ ಬಗ್ಗಿಸಿ. ಹೆಚ್ಚು ಬಗ್ಗಿಸಿದರೆ ಸ್ಪ್ರಿಂಗ್ ಸ್ಟೀಲ್ ಪಟ್ಟನೆ ಮುರಿಯುತ್ತದೆ. ಕಪ್ ಮುಚ್ಚುವ ಮುಂಚೆ ವೀಲ್ ನಟ್‌ಗಳನ್ನು ಒಮ್ಮೆ ಬಿಗಿಮಾಡಿ, ಗುಂಡಿಗಳಿಗೆ ಬೆರಳಿನಿಂದ ತುಸು ಗ್ರೀಸ್ ಸವರಿ. ಅಂಚನ್ನು ಎರಡು ಗುಂಡಿಗಳ ಮೇಲೆ ಕೂರಿಸಿ, ಮೂರನೆಯದರ ನೇರಕ್ಕೆ ಮುಷ್ಟಿಯಿಂದ ಒಂದು ಗುದ್ದು. ಸುತ್ತಿಗೆ ತರಬೇಡಿ. ಗುದ್ದಿದ ಮೇಲೂ ಕಪ್ ಕೈಗೆ ಅಲ್ಲಾಡಿದರೆ ಗುಂಡಿ ಸವೆದಿದೆ ಅಥವಾ ಅಂಚು ಅಗಲಿಸಿದೆ. ಮೂರೂ ಕಡೆ ಅಂಚನ್ನು ತುಸು ಒಳಕ್ಕೆ ಒತ್ತಿ ಮತ್ತೆ ಹಾಕಿ.