ಲೇಔಟಿಗೆ ಒಳಚರಂಡಿ: ಸೈಟು ಗುರುತು ಹಾಕುವ ಮೊದಲೇ ಲೆವೆಲ್ ತೆಗೆಸಿ

ಮೈಸೂರಿನ ಹೊರಗೆ ಒಂದು ಲೇಔಟು. ಇನ್ನೂರು ಸೈಟು. ಆರ್ಚು, ಪಾರ್ಕು ಎಲ್ಲಾ ಚಂದ. ಕೊಳಚೆ ನೀರು ಶುದ್ಧ ಮಾಡುವ ಘಟಕ, ಅಂದರೆ ಎಸ್‌ಟಿಪಿ ಮಾತ್ರ ಇಡೀ ಜಾಗದ ಅತಿ ಎತ್ತರದ ಮೂಲೆಯಲ್ಲಿ! ಆ ಮೂಲೆಗೆ ಅಂಟಿಕೊಂಡು ಸ್ಮಶಾನ ಇತ್ತು. ಅಲ್ಲಿ ಸೈಟು ಮಾಡಿದರೆ ಯಾರೂ ಕೊಳ್ಳಲ್ಲ ಅನ್ನುವುದು ಮಾಲೀಕರ ಲೆಕ್ಕ. ನಾನಾಗ ಸೈಟ್ ಇಂಜಿನಿಯರ್. ವಾದ ಮಾಡಿದೆ, ನಡೆಯಲಿಲ್ಲ. ಕೊನೆಗೆ ತಗ್ಗಿನ ಮೂಲೆಯಲ್ಲಿ ಬಾವಿ ತೋಡಿ, ಕೊಳಚೆ ನೀರನ್ನು ಮೇಲೆತ್ತಲು ಪಂಪು ಕೂರಿಸಿದೆವು.

ಒಂದು ಶುಕ್ರವಾರ ಆ ತಗ್ಗಿನ ಮನೆಯವರ ಗೃಹಪ್ರವೇಶ. ಹಿಂದಿನ ರಾತ್ರಿಯೆಲ್ಲ ಕರೆಂಟ್ ಇಲ್ಲ, ಜನರೇಟರಿನಲ್ಲಿ ಡೀಸೆಲ್ ಇಲ್ಲ. ಹಸುವನ್ನು ಒಳಗೆ ಕರೆದುಕೊಂಡು ಹೋಗುವ ಹೊತ್ತಿಗೆ ಸರಿಯಾಗಿ ಮನೆ ಮುಂದಿನ ಮ್ಯಾನ್‌ಹೋಲ್ ಉಕ್ಕಿತು. ರಂಗೋಲಿ ತೇಲಿಹೋಯಿತು. ಯಜಮಾನರು ಬೈಯಲಿಲ್ಲ, ಸುಮ್ನೆ ನನ್ನ ಮುಖ ನೋಡಿದರು. ಬೈದಿದ್ದರೇ ವಾಸಿಯಿತ್ತು.

ಅಲ್ಲಿಂದ ಮುಂದೆ ಯಾವ ಜಮೀನಿಗೆ ಹೋದರೂ ನಾನು ಮೊದಲು ಮಾತಾಡಿಸುವುದು ಪಕ್ಕದ ಹೊಲದವರನ್ನು. 'ಜೋರು ಮಳೆ ಬಂದರೆ ಇಲ್ಲಿನ ನೀರು ಎಲ್ಲಿಗೆ ಹೋಗುತ್ತೆ?' ಅವರು ಕೈ ತೋರಿಸಿದ ದಿಕ್ಕಿನಲ್ಲೇ ನಿಮ್ಮ ಪೈಪು ಹೋಗಬೇಕು. ಆಮೇಲೆ ನೆಲದ ಏರಿಳಿತ ಅಳೆಯುವ ಆಟೋ ಲೆವೆಲ್ ಉಪಕರಣ ಇಟ್ಟು ಹತ್ತು ಮೀಟರಿಗೊಂದರಂತೆ ಮಟ್ಟ ಬರೆಸಿ. ರಸ್ತೆ, ಸೈಟು ಗೆರೆ ಎಳೆಯುವುದು ಅದಾದ ಮೇಲೆ. ಎಸ್‌ಟಿಪಿಗೆ ತಗ್ಗಿನ ಕಡೆ ಜಾಗ ಬಿಡಿ, ಆದರೆ ರಾಜಕಾಲುವೆಗೆ ಒತ್ತಿಕೊಂಡು ಬೇಡ. ಅಲ್ಲಿ ಮಳೆಗಾಲದಲ್ಲಿ ಟ್ಯಾಂಕೇ ಮುಳುಗುತ್ತೆ.

ಹತ್ತಿರದಲ್ಲಿ ಊರಿನ ಯುಜಿಡಿ (ಒಳಚರಂಡಿ) ಲೈನ್ ಇದೆಯಾ ನೋಡಿ. ಇದ್ದರೆ ಅದಕ್ಕೇ ಸೇರಿಸುವುದು ಲೇಸು, ಸ್ವಂತ ಎಸ್‌ಟಿಪಿಯ ತಲೆನೋವು ತಪ್ಪುತ್ತದೆ. ಆದರೆ ಹತ್ತಿರ ಇದ್ದರೆ ಸಾಲದು, ಆ ಲೈನು ನಿಮ್ಮ ಕೊನೆಯ ಚೇಂಬರಿಗಿಂತ ಕೆಳಗಿರಬೇಕು. ಮೈಸೂರಿನ ಕೊಳಚೆ ನೀರು ಕೆಸರೆ, ರಾಯನಕೆರೆ, ವಿದ್ಯಾರಣ್ಯಪುರಂ ಅಂತ ಬೇರೆಬೇರೆ ದಿಕ್ಕಿಗೆ ಹೋಗುವುದು ಯಾಕೆ? ಊರಿನ ಇಳಿಜಾರು ಹಾಗಿದೆ, ಅಷ್ಟೇ.

ಲೈನ್ ಇಲ್ಲ ಅಂದರೆ ಲೆಕ್ಕಕ್ಕೆ ಕೂರಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಮನೆಗೆ ಐದು ಜನ, ಬಳಸಿದ ನೀರಿನಲ್ಲಿ ಶೇ. 80 ಕೊಳಚೆಯಾಗಿ ಬರುತ್ತದೆ. ಇನ್ನೂರು ಮನೆಗೆ 1,08,000 ಲೀಟರ್. ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ನಮ್ಮ ಕಡೆ ಥರ್ಟಿ ಫಾರ್ಟಿ ಸೈಟಿನಲ್ಲಿ ಒಂದೇ ಮನೆ ಕಟ್ಟುವವರು ಎಷ್ಟು ಜನ? ಕೆಳಗೆ ತಾವು, ಮೇಲೆ ಎರಡು ಬಾಡಿಗೆ ಮನೆ. ಅರ್ಧದಷ್ಟು ಸೈಟಿನವರು ಹಾಗೆ ಮಾಡಿದರೂ ಇನ್ನೂರು ಮನೆ ನಾನೂರಾಗುತ್ತದೆ, ಕೊಳಚೆ 2,16,000 ಲೀಟರ್. ಪೈಪನ್ನು ಈ ದೊಡ್ಡ ಲೆಕ್ಕಕ್ಕೇ ಹಾಕಿ, ಡಾಂಬರು ಬಿದ್ದ ಮೇಲೆ ಮತ್ತೆ ಅಗೆಯುವುದು ಯಾರಿಗೂ ಬೇಡ.

ಎಸ್‌ಟಿಪಿಗೆ ಮಾತ್ರ ಲೆಕ್ಕ ಉಲ್ಟಾ. ಮೊದಲ ವರ್ಷ ಲೇಔಟಿಗೆ ಬರುವುದು ಹತ್ತು ಮನೆ ಅಂತಿಟ್ಟುಕೊಳ್ಳಿ. ದಿನಕ್ಕೆ 5,400 ಲೀಟರ್. ಎರಡು ಲಕ್ಷ ಲೀಟರಿನ ಟ್ಯಾಂಕಿಗೆ ಅದು ಯಾವ ಮೂಲೆಗೆ? ಎಸ್‌ಟಿಪಿ ಒಳಗೆ ಕೆಲಸ ಮಾಡುವುದು ಬ್ಯಾಕ್ಟೀರಿಯಾ. ಕೊಳಚೆಯೇ ಅವುಗಳ ಊಟ. ಊಟ ಸಾಲದೆ ಅವು ಸಾಯುತ್ತವೆ. ಟ್ಯಾಂಕಿಗೆ ಗಾಳಿ ಊದುವ ಬ್ಲೋವರಿನ ಕರೆಂಟ್ ಬಿಲ್ ನೋಡಿ ಯಾರೋ ಅದನ್ನೂ ಆಫ್ ಮಾಡುತ್ತಾರೆ, ನೀರು ಕಪ್ಪಾಗುತ್ತದೆ, ರಾತ್ರಿ ಹೊತ್ತು ಚರಂಡಿಗೆ ಬಿಡುವುದು ಶುರುವಾಗುತ್ತದೆ. ನಾನು ನೋಡಿದ ಹಾಳುಬಿದ್ದ ಎಸ್‌ಟಿಪಿಗಳಲ್ಲಿ ಹೆಚ್ಚಿನವು ಮೆಷಿನ್ ಕೆಟ್ಟು ನಿಂತವಲ್ಲ, ಮೊದಲ ಎರಡು ವರ್ಷ ಹಸಿವಿಂದ ನಿಂತವು. ಹಾಗಾಗಿ ಅದನ್ನು ನಾಲ್ಕು ಭಾಗ ಮಾಡಿ. ಸುಮಾರು 50,000 ಲೀಟರಿನ ಒಂದನ್ನು ಈಗ ಕಟ್ಟಿ, ಉಳಿದ ಮೂರಕ್ಕೆ ಜಾಗ ಮತ್ತು ಪೈಪಿನ ಬಾಯಿ ಬಿಟ್ಟಿರಿ. ಆ ಒಂದಕ್ಕೂ ಊಟ ಸಾಲದ ಮೊದಲ ತಿಂಗಳುಗಳಲ್ಲಿ ಟ್ಯಾಂಕಿನಲ್ಲಿ ತುಂಬಿಸಿ, ಅನುಮತಿ ಪಡೆದು, ಕೊಳಚೆ ಹೀರುವ ಸಕ್ಕಿಂಗ್ ಲಾರಿಯಲ್ಲಿ ಊರಿನ ಎಸ್‌ಟಿಪಿಗೆ ಕಳಿಸಿ. ಆ ಖರ್ಚನ್ನು ಡೆವಲಪರ್ ಕೊಡಬೇಕು ಅಂತ ಕರಾರಿನಲ್ಲೇ ಬರೆಸಿ.

ಜಾಗ ಧಾರಾಳವಾಗಿದ್ದರೆ ಬ್ಲೋವರ್ ಇಲ್ಲದ ದಾರಿಯೂ ಇದೆ. ಇಳಿಜಾರಿನಲ್ಲೇ ಟ್ಯಾಂಕಿಂದ ಟ್ಯಾಂಕಿಗೆ ಹರಿದು, ಕೊನೆಗೆ ಜಲ್ಲಿ ಮತ್ತು ಜೊಂಡಿನ ಪಾತಿಯಲ್ಲಿ ಸೋಸುವ ಪದ್ಧತಿ. ಸೆಪ್ಟಿಕ್ ಟ್ಯಾಂಕಿನ ಕೆಸರಿಗೆ ಇದೇ ಜಾತಿಯ ಘಟಕ ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾಯಿತು. ಒಮ್ಮೆ ನೋಡಿ ಬನ್ನಿ.

ಯಾವುದನ್ನೇ ಆರಿಸಿ, ಗುಂಡಿ ತೋಡುವ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ನಡೆಸಲು ಶುರುಮಾಡುವಾಗ ಇನ್ನೊಂದು.

ಇನ್ನು ಪೈಪು. 150 ಮಿಮೀ ಪೈಪಿಗೆ ನೂರಕ್ಕೆ ಒಂದು ಇಳಿಜಾರು ಕೊಡಿ. ಮ್ಯಾನ್‌ಹೋಲ್ ಮೂವತ್ತು ಮೀಟರಿಗೊಂದು, ತಿರುವು ಮತ್ತು ಜೋಡಣೆ ಇರುವಲ್ಲೆಲ್ಲ ಒಂದೊಂದು. ಅಂದರೆ ಚೇಂಬರಿಂದ ಚೇಂಬರಿಗೆ ಒಂದಡಿ ಇಳಿಯುತ್ತದೆ. ಸಮತಟ್ಟು ಜಾಗದಲ್ಲಿ 600 ಮೀಟರ್ ಹೋದರೆ ಆರು ಮೀಟರ್ ಆಳ! ನಮ್ಮ ನೆಲದಲ್ಲಿ ಅಷ್ಟು ಆಳದಲ್ಲಿ ಬಂಡೆ ಸಿಗದಿದ್ದರೆ ಪುಣ್ಯ. ಲೆವೆಲ್ ಲೆವೆಲ್ ಅಂತ ನಾನು ಬಡಕೊಳ್ಳುವುದು ಇದಕ್ಕೇ. ಕುಡಿಯುವ ನೀರಿನ ಪೈಪು ಮೂರು ಮೀಟರ್ ದೂರದಲ್ಲಿರಲಿ. ಅಡ್ಡ ದಾಟಲೇಬೇಕಾದ ಕಡೆ ಅದು ಅರ್ಧ ಮೀಟರ್ ಮೇಲೆ ಹೋಗಲಿ.

ಮಣ್ಣು ಮುಚ್ಚುವ ಮೊದಲು ಒಂದು ಪರೀಕ್ಷೆ ನೀವೇ ನಿಂತು ಮಾಡಿಸಿ. ಒಂದು ಚೇಂಬರಿನಲ್ಲಿ ಟಾರ್ಚ್, ಇನ್ನೊಂದರಲ್ಲಿ ಓರೆಯಾಗಿ ಹಿಡಿದ ಕನ್ನಡಿ. ಪೈಪು ನೇರವಾಗಿದ್ದರೆ ಕನ್ನಡಿಯಲ್ಲಿ ಹುಣ್ಣಿಮೆ ಚಂದ್ರ ಕಾಣುತ್ತದೆ. ಅಷ್ಟಮಿ ಚಂದ್ರ ಕಂಡರೆ ಎಲ್ಲೋ ಪೈಪು ಕುಸಿದಿದೆ, ತೆಗೆಸಿ. 'ಸಾರ್, ಹರಿಯುತ್ತೆ ಬಿಡಿ' ಅನ್ನುತ್ತಾರೆ ಕಂಟ್ರಾಕ್ಟರ್. ಬಿಡಬೇಡಿ. ಆ ಬಗ್ಗಿದ ಜಾಗದಲ್ಲೇ ನಾಳೆ ಅಡುಗೆಮನೆ ಜಿಡ್ಡು ಕಟ್ಟುವುದು. ಪ್ರತಿ ಸೈಟಿಗೂ ಕನೆಕ್ಷನ್ ಚೇಂಬರ್ ಈಗಲೇ ಬಿಟ್ಟುಬಿಡಿ. ತಾರಸಿ ಮಳೆನೀರನ್ನು ಯಾರೂ ಇದಕ್ಕೆ ಸೇರಿಸಬಾರದು ಅಂತ ಸಂಘದ ನಿಯಮದಲ್ಲಿ ಹಾಕಿ. ಹತ್ತು ಮನೆಯವರು ಸೇರಿಸಿದರೂ ಒಂದು ಜೋರು ಮಳೆಗೆ ರಸ್ತೆಯೆಲ್ಲ ಕೊಳಚೆ.

ಎಸ್‌ಟಿಪಿ ನಡೆಯುತ್ತಿದೆಯಾ ಅಂತ ತಿಳಿಯಲು ಇಂಜಿನಿಯರೇ ಆಗಬೇಕಿಲ್ಲ. ಗಾಳಿ ಊದುವ ಟ್ಯಾಂಕಿಂದ ಒಂದು ಲೀಟರ್ ಜಾರಿನಲ್ಲಿ ನೀರು ತುಂಬಿ ಅರ್ಧ ಗಂಟೆ ಅಲುಗಾಡಿಸದೆ ಇಡಿ. ಕಂದು ಕೆಸರು 300–400 ಮಿಲಿ ಗೆರೆಗೆ ಇಳಿದು ಮೇಲೆ ತಿಳಿನೀರು ನಿಂತರೆ ಚೆನ್ನಾಗಿದೆ. ಮಳೆ ಬಿದ್ದ ಮಣ್ಣಿನ ವಾಸನೆ ಇರಬೇಕು. ಕೊಳೆತ ಮೊಟ್ಟೆ ವಾಸನೆ ಬಂದರೆ ಗಾಳಿ ಸಾಲದು ಅಂತ ಅರ್ಥ. ಆ ವಾಸನೆಯ ಗ್ಯಾಸ್ ಪ್ರಾಣ ತೆಗೆಯುತ್ತದೆ. ಬ್ಲಾಕ್ ಆಯಿತು ಅಂತ ಟ್ಯಾಂಕಿಗೋ ಮ್ಯಾನ್‌ಹೋಲಿಗೋ ಯಾರನ್ನೂ ಇಳಿಸಬೇಡಿ, 2013ರ ಕಾನೂನು ಅದನ್ನು ನಿಷೇಧಿಸಿದೆ. ನೀರಿನ ರಭಸದಿಂದ ಬ್ಲಾಕ್ ತೆಗೆಯುವ ಜೆಟ್ಟಿಂಗ್ ಲಾರಿ ಬಂದು ನಿಲ್ಲುವಷ್ಟು ಅಗಲದ ದಾರಿಯನ್ನು ಎಸ್‌ಟಿಪಿವರೆಗೂ ಬಿಡಿ.

ಡೆವಲಪರ್ ಕೈಬಿಟ್ಟು ಹೋಗುವ ಮುನ್ನ ಪೈಪು ನಿಜವಾಗಿ ಹೋದ ದಾರಿಯ ಡ್ರಾಯಿಂಗ್ ಇಸ್ಕೊಳ್ಳಿ, ಪ್ಲಾನಿನಲ್ಲಿ ಇದ್ದದ್ದಲ್ಲ. ಪ್ರತಿ ಚೇಂಬರಿನ ಆಳ ಅದರಲ್ಲಿರಲಿ. ಲ್ಯಾಮಿನೇಟ್ ಮಾಡಿಸಿ ಎಸ್‌ಟಿಪಿ ರೂಮಿನ ಗೋಡೆಗೆ ಹಾಕಿಸಿ. ಇನ್ನೊಂದು ಪ್ರತಿ ಸಂಘದ ಕಾರ್ಯದರ್ಶಿಯ ಮನೆಯಲ್ಲಿರಲಿ, ಮೊದಲನೆಯದಕ್ಕೆ ಇಲಿ, ಗೆದ್ದಲು, ಹೊಸ ಪೇಂಟರ್ ಯಾರಾದರೂ ಒಬ್ಬರು ಕೈಹಾಕುತ್ತಾರೆ.